ಐದು ಅಳಿವೆ, ನಾಲ್ಕು ದಿನ: ಉತ್ತರ ಕನ್ನಡದ ಕರಾವಳಿ ಸುತ್ತುವುದು ಹೇಗೆ

ನಮ್ಮ ಮನೆ ಕುಮಟಾದ ಹತ್ತಿರ. ಡಿಸೆಂಬರ್ ಬಂತೆಂದರೆ ಬೆಂಗಳೂರಿನ ನೆಂಟರ ಫೋನ್ ಶುರು. "ಮೂರು ದಿನ ರಜೆ ಇದೆ. ಕಾರವಾರ, ಗೋಕರ್ಣ, ಯಾಣ, ಜೋಗ, ಮುರುಡೇಶ್ವರ, ದಾಂಡೇಲಿ ಎಲ್ಲಾ ಆಗತ್ತೆ ಅಲ್ವಾ?" ಆಗುತ್ತದೆ, ಕಾರಿನ ಕಿಟಕಿಯಿಂದ. ಮೂರನೇ ದಿನ ಸಂಜೆ ಅವರು ನಮ್ಮ ಜಗಲಿಯಲ್ಲಿ ಕೂತು ಕಾಲು ಒತ್ತಿಕೊಳ್ಳುತ್ತಾ, "ಎಲ್ಲಾ ಬೀಚೂ ಒಂದೇ ಥರ ಇದೆಯಪ್ಪ" ಅನ್ನುತ್ತಾರೆ. ಆಗ ನನಗೆ ಸ್ವಲ್ಪ ಸಿಟ್ಟು ಬರುತ್ತದೆ.

ಹಾಗಾಗಿ ಈಗ ನೆಂಟರಿಗೆ ಜಾಗಗಳ ಪಟ್ಟಿ ಕೊಡುವುದು ಬಿಟ್ಟಿದ್ದೇನೆ. ನದಿಗಳ ಪಟ್ಟಿ ಕೊಡುತ್ತೇನೆ. ಉತ್ತರದಿಂದ ದಕ್ಷಿಣಕ್ಕೆ ಎಣಿಸಿ: ಕಾರವಾರದಲ್ಲಿ ಕಾಳಿ, ಅಂಕೋಲಾ ದಾಟಿದ ಮೇಲೆ ಗಂಗಾವಳಿ, ಕುಮಟಾದಲ್ಲಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ, ಭಟ್ಕಳದ ಹತ್ತಿರ ಚಿಕ್ಕದಾದ ವೆಂಕಟಾಪುರ ಹೊಳೆ. ಕಾರವಾರದಿಂದ ಭಟ್ಕಳಕ್ಕೆ ಹೆದ್ದಾರಿ 66ರಲ್ಲಿ ಹೆಚ್ಚುಕಮ್ಮಿ 130 ಕಿಲೋಮೀಟರ್. ಅಷ್ಟರಲ್ಲೇ ಐದು ನದಿ ಸಮುದ್ರ ಸೇರುತ್ತವೆ. ನದಿ ಸಮುದ್ರ ಸೇರುವ ಜಾಗಕ್ಕೆ ಇಲ್ಲಿ ಅಳಿವೆ ಅನ್ನುತ್ತಾರೆ. ಮೀನು, ಉಪ್ಪು, ಭತ್ತ, ಬಂದರು, ಕೋಟೆ, ದೇವಸ್ಥಾನ ಎಲ್ಲವೂ ಅಳಿವೆಯ ಆಸುಪಾಸಿನಲ್ಲೇ ಬೆಳೆದಿವೆ. ದಿನಕ್ಕೊಂದು ಅಳಿವೆ ಅಂತ ಇಟ್ಟುಕೊಂಡರೆ ಓಡಾಟ ಅರ್ಧ ಕಡಿಮೆಯಾಗುತ್ತದೆ, ನೋಡುವುದು ಎರಡರಷ್ಟಾಗುತ್ತದೆ. ದಾಂಡೇಲಿ, ಜೋಗ ಎರಡೂ ಘಟ್ಟದ ಕಡೆಯವು. ಅವಕ್ಕೆ ಇನ್ನೊಮ್ಮೆ ಬನ್ನಿ.

ಹೆಜ್ಜೆ 1: ತಿಂಗಳು ಆರಿಸಿ

ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಒಳ್ಳೆಯ ಕಾಲ. ಬೆಳಿಗ್ಗೆ ತಂಪು, ಸಮುದ್ರ ಶಾಂತ. ಮಾರ್ಚ್ ನಂತರ ಸೆಕೆ. ಉಷ್ಣಾಂಶ ನೋಡಿದರೆ ಕಲಬುರಗಿಗಿಂತ ಕಡಿಮೆಯೇ, ಆದರೆ ಇಲ್ಲಿನ ಬೆವರು ಒಣಗುವುದಿಲ್ಲ. ಏಪ್ರಿಲ್, ಮೇನಲ್ಲಿ ಬರುವವರಿಗೆ ಬೇರೆ ಲಾಭವಿದೆ. ಅಂಕೋಲಾದ ಕರಿ ಇಶಾಡ ಮಾವಿನಹಣ್ಣು ಆಗಲೇ ಸಿಗುವುದು. 2023ರಲ್ಲಿ ಅದಕ್ಕೆ ಜಿಐ ಟ್ಯಾಗ್ ಬಂತು. ಬೇರೆ ಊರಿಗೆ ಅದು ಹೋಗುವುದು ಕಡಿಮೆ, ಸಿಪ್ಪೆ ತೆಳು, ಬೇಗ ಹಾಳಾಗುತ್ತದೆ. ಇಲ್ಲೇ ತಿನ್ನಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಆಗ ಸಮುದ್ರಕ್ಕೆ ಇಳಿಯುವಂತಿಲ್ಲ, ಪ್ರವಾಸಿ ದೋಣಿಗಳು ಇರುವುದಿಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೂ ನಿಷೇಧ, ಹಾಗಾಗಿ ಹೋಟೆಲಿನ ಮೀನು ಐಸಿನದ್ದಾಗಿರುವ ಸಾಧ್ಯತೆ ಜಾಸ್ತಿ. ಮಳೆಯನ್ನೇ ನೋಡಬೇಕು ಅನ್ನುವವರು ಬರಬಹುದು, ನಾನೇ ಬನ್ನಿ ಅನ್ನುತ್ತೇನೆ. ಆದರೆ ರಸ್ತೆ ಬಗ್ಗೆ ಹುಷಾರು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನು ಮುಚ್ಚಿತು, ಅಲ್ಲಿದ್ದ ಚಹಾ ಅಂಗಡಿಯನ್ನು ಗಂಗಾವಳಿಗೆ ತಳ್ಳಿತು. ಮಳೆಗಾಲದಲ್ಲಿ ಗುಡ್ಡ ಕಡಿದ ಜಾಗದಲ್ಲಿ ಚಹಾಕ್ಕೆಂದೂ ಫೋಟೋಕ್ಕೆಂದೂ ಗಾಡಿ ನಿಲ್ಲಿಸಬೇಡಿ. ರೆಡ್ ಅಲರ್ಟ್ ಇದ್ದ ದಿನ ಹೊರಡಲೇಬೇಡಿ.

ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗಿನ ವಾರ ಮತ್ತು ಶಿವರಾತ್ರಿ ಸಮಯದ ಗೋಕರ್ಣ ಇವೆರಡನ್ನು ತಪ್ಪಿಸಿ. ಶಿವರಾತ್ರಿಯ ತೇರು ನೋಡಲೆಂದೇ ಬರುವುದಾದರೆ ಬೇರೆ ಮಾತು. ಆಗ ರೂಮು ಮೊದಲೇ ಹಿಡಿದಿಡಿ.

ಹೆಜ್ಜೆ 2: ಕಾರವಾರಕ್ಕೆ ಬನ್ನಿ, ಕೆಳಗೆ ಇಳಿಯುತ್ತಾ ಹೋಗಿ

ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಿಗ್ಗೆ ಕಾರವಾರ ಮುಟ್ಟುತ್ತದೆ. ನನ್ನ ಸಲಹೆ: ಕೊನೆಯ ನಿಲ್ದಾಣದವರೆಗೂ ಕೂತಿರಿ. ಬೆಳಗಿನ ಜಾವ ಎದ್ದು ಬಾಗಿಲಿನ ಹತ್ತಿರದ ಕಿಟಕಿ ಹಿಡಿಯಿರಿ. ಹೊನ್ನಾವರದಲ್ಲಿ ಶರಾವತಿ ಸೇತುವೆ ಬರುತ್ತದೆ. ಕೊಂಕಣ ರೈಲ್ವೆಯಲ್ಲಿ ಇದೇ ಅತಿ ಉದ್ದದ ಸೇತುವೆ, ಎರಡು ಕಿಲೋಮೀಟರಿಗೂ ಜಾಸ್ತಿ. ಆಮೇಲೆ ಅಘನಾಶಿನಿ, ಗಂಗಾವಳಿ. ನೀವು ಮುಂದಿನ ನಾಲ್ಕು ದಿನ ಓಡಾಡುವ ಜಾಗವೆಲ್ಲ ಕಿಟಕಿಯಲ್ಲಿ ಒಮ್ಮೆ ಹಾದುಹೋಗುತ್ತದೆ. ರೈಲು ಉತ್ತರಕ್ಕೆ ಹೋಗುವಾಗ ಸಮುದ್ರದ ಮಗ್ಗುಲು ಎಡಕ್ಕೆ, ಘಟ್ಟ ಬಲಕ್ಕೆ.

ಕಾರು ತರಬೇಕೇ? ಮಕ್ಕಳು, ವಯಸ್ಸಾದವರು ಇದ್ದರೆ ತನ್ನಿ. ಇಲ್ಲದಿದ್ದರೆ ಬೇಡ. ಹೆದ್ದಾರಿಯಲ್ಲಿ ಸರ್ಕಾರಿ ಬಸ್ಸು ಇವೆ, ಊರಿಂದೂರಿಗೆ ಟೆಂಪೋಗಳೂ ಓಡುತ್ತವೆ. ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡೂ ಉಳಿಯುತ್ತದೆ, ಆಧಾರ್ ಇಟ್ಟುಕೊಳ್ಳಿ. ಒಂದು ವಿಷಯ ನೆನಪಿರಲಿ: ಗೋಕರ್ಣ ರೋಡ್ ಸ್ಟೇಷನ್ನಿಗೂ ಗೋಕರ್ಣಕ್ಕೂ ಹತ್ತು ಕಿಲೋಮೀಟರ್ ದೂರ. ಸ್ಟೇಷನ್ನಲ್ಲಿ ಇಳಿದು "ಬೀಚ್ ಎಲ್ಲಿ?" ಅಂತ ಕೇಳಿದವರನ್ನು ನಾನೇ ನೋಡಿದ್ದೇನೆ.

ಹೆಜ್ಜೆ 3: ನೀರಿನ ಲೆಕ್ಕ ಕಲಿಯಿರಿ

ಇದೊಂದನ್ನು ಯಾವ ಟೂರ್ ಪ್ಯಾಕೇಜಿನವರೂ ಹೇಳುವುದಿಲ್ಲ. ಇದು ಗೊತ್ತಿಲ್ಲದಿದ್ದರೆ ಉಳಿದದ್ದೆಲ್ಲ ಅರ್ಧಂಬರ್ಧ.

ನಾನೂ ಪೆಟ್ಟು ತಿಂದೇ ಕಲಿತದ್ದು. ಒಂದು ಹುಣ್ಣಿಮೆಯ ಸಂಜೆ ಭಾವನ ಮನೆಯವರನ್ನು ಶರಾವತಿಯಲ್ಲಿ ದೋಣಿ ಹತ್ತಿಸಿದೆ. ಸೂರ್ಯ ಮುಳುಗುವ ಹೊತ್ತು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಹೋಗೋಣ ಅಂತ ಆಸೆ. ಹತ್ತು ನಿಮಿಷಕ್ಕೆ ದೋಣಿಯ ಅಡಿ ಕೆಸರಿಗೆ ತಾಗಿ ಕರ್ರ್ ಅಂತು. ದೋಣಿಯವರು ನೀರಿಗೆ ಇಳಿದು ತಳ್ಳಿದರು, ನಾನೂ ಇಳಿದೆ. ಮೊಣಕಾಲವರೆಗೆ ಕಪ್ಪು ಕೆಸರು, ಒಂದು ಚಪ್ಪಲಿ ಅಲ್ಲೇ ಹೋಯಿತು. "ಈಗ ಇಳ್ತ ಅದೆ ಮಾರಾಯ್ರೆ, ನೀರೇ ಇಲ್ಲ. ನಾನು ಮೊದ್ಲೇ ಹೇಳ್ದೆ, ನೀವೇ ಕೇಳ್ಲಿಲ್ಲ" ಅಂದರು ದೋಣಿಯವರು. ಹೇಳಿದ್ದು ನಿಜ. ಅಕ್ಕ ಇವತ್ತಿಗೂ ಆ ಚಪ್ಪಲಿಯ ವಿಷಯ ಎತ್ತುತ್ತಾಳೆ.

ಲೆಕ್ಕ ಸುಲಭ. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರುವುದಕ್ಕೆ ಭರತ, ಇಳಿಯುವುದಕ್ಕೆ ಇಳಿತ ಅನ್ನುತ್ತಾರೆ. ಏರಿದ ನೀರು ಇಳಿಯಲು ಆರು ತಾಸು ಚಿಲ್ಲರೆ. ಪ್ರತಿದಿನ ಸಮಯ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ, ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ.

ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ದಿನ ಹೆಚ್ಚುಕಮ್ಮಿ ಬೆಳಿಗ್ಗೆ ಹನ್ನೊಂದು, ಹನ್ನೆರಡರ ಹೊತ್ತಿಗೆ ಪೂರ್ತಿ ಭರತ. ಸಂಜೆ ಐದು, ಆರಕ್ಕೆ ಪೂರ್ತಿ ಇಳಿತ. ಅಷ್ಟಮಿಗೆ ಇದು ಉಲ್ಟಾ, ಮಧ್ಯಾಹ್ನ ಇಳಿತ, ಸಂಜೆ ಭರತ. ನಡುವಿನ ದಿನಕ್ಕೆ ನೀವೇ ಲೆಕ್ಕ ಹಾಕಬಹುದು. ಹುಣ್ಣಿಮೆ ಕಳೆದು ಮೂರನೇ ದಿನ ಅಂದುಕೊಳ್ಳಿ. ಮೂರು ಸಲ 50 ನಿಮಿಷ ಅಂದರೆ ಎರಡೂವರೆ ತಾಸು. ಹಾಗಾದರೆ ಭರತ ಮಧ್ಯಾಹ್ನ ಎರಡರ ಆಸುಪಾಸು, ಇಳಿತ ಬೆಳಿಗ್ಗೆ ಎಂಟಕ್ಕೆ. ಆ ದಿನ ಬೆಳಿಗ್ಗೆ ಬೀಚಿನಲ್ಲಿ ನಡೆಯಿರಿ, ಮಧ್ಯಾಹ್ನದ ಮೇಲೆ ದೋಣಿ ಹತ್ತಿ. ಇದು ಅಂದಾಜು ಮಾತ್ರ. ಸರಿಯಾದ ಸಮಯಕ್ಕೆ ಫೋನಿನಲ್ಲಿ ಕಾರವಾರದ ಟೈಡ್ ಟೇಬಲ್ ಹುಡುಕಿ, ಇಲ್ಲವೇ ದೋಣಿಯವರನ್ನು ಕೇಳಿ. ಕೇಳಿದ ಮೇಲೆ ಅವರ ಮಾತು ಕೇಳಿ.

ಯಾವುದಕ್ಕೆ ಯಾವ ನೀರು ಅಂದರೆ, ನದಿಯೊಳಗಿನ ದೋಣಿಗೆ ಭರತ. ಬಂಡೆ ಬದಿಯ ನಡಿಗೆಗೆ, ಕಪ್ಪೆಚಿಪ್ಪು ಆರಿಸಲು, ಅಳಿವೆಯಲ್ಲಿ ಕೆಲಸ ಮಾಡುವವರನ್ನು ನೋಡಲು ಇಳಿತ.

ಹೆಜ್ಜೆ 4: ಮೊದಲ ದಿನ, ಕಾಳಿ

ಕಾರವಾರದ ಬೀಚಿಗೆ ರವೀಂದ್ರನಾಥ ಟ್ಯಾಗೋರರ ಹೆಸರು ಸುಮ್ನೆ ಇಟ್ಟಿದ್ದಲ್ಲ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಇಪ್ಪತ್ತೆರಡರ ಹರೆಯದ ತಮ್ಮ ಅಣ್ಣನ ಮನೆಗೆ ಬಂದು ತಂಗಿದ್ದ, ಇಲ್ಲೇ ಒಂದು ನಾಟಕ ಬರೆದ. ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ, ವಾಪಸು ಬರುವಾಗ ಅಳಿವೆಯ ಹತ್ತಿರ ಇಳಿದು ಮರಳಿನಲ್ಲಿ ನಡೆದುಕೊಂಡು ಮನೆ ಸೇರಿದ್ದನ್ನು ಮುಂದೆ ನೆನಪು ಮಾಡಿಕೊಂಡಿದ್ದಾರೆ. ನೀವೂ ಕೋಡಿಬಾಗದ ಕಡೆಗೆ ಮರಳಿನಲ್ಲಿ ನಡೆದು ನೋಡಿ. ಎದುರು ದಡದಲ್ಲಿ ಸದಾಶಿವಗಡದ ಗುಡ್ಡ, ನಡುವೆ ಅಗಲವಾದ ಕಾಳಿ. ಅದರ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು ಬಿತ್ತು.

ಬೀಚಿನ ಬದಿಯಲ್ಲೇ ಐಎನ್‌ಎಸ್ ಚಪಲ್ ಯುದ್ಧನೌಕೆಯ ಮ್ಯೂಸಿಯಂ ಇದೆ. ಮಕ್ಕಳಿದ್ದರೆ ಒಂದು ತಾಸು ಆರಾಮಾಗಿ ಹೋಗುತ್ತದೆ. ಭಾನುವಾರ ಬಂದರೆ ಮೊದಲು ಸಂತೆಗೆ ಹೋಗಿ. ನೌಕಾನೆಲೆ ಕಾರವಾರದ ದಕ್ಷಿಣಕ್ಕೆ ಹೆದ್ದಾರಿಯ ಬದಿಯಲ್ಲೇ ಉದ್ದಕ್ಕೆ ಹಬ್ಬಿದೆ. ಅಲ್ಲಿ ಕ್ಯಾಮೆರಾ, ಡ್ರೋನ್ ಹೊರಗೆ ತೆಗೆಯಬೇಡಿ.

ಈ ದಿನದ ನನ್ನ ಇಷ್ಟದ ಜಾಗ ತಿಳಮಾತಿ. ಗೋವಾ ಗಡಿಯ ಹತ್ತಿರ ಮಾಜಾಳಿ ಅಂತ ಊರು. ಅಲ್ಲಿನ ಬೀಚಿನ ಉತ್ತರದ ತುದಿಯಿಂದ ಗುಡ್ಡ ಹತ್ತಿ ಇಳಿದರೆ ಚಿಕ್ಕದೊಂದು ಕಡಲ ತೀರ. ಕೊಂಕಣಿಯಲ್ಲಿ ತೀಳ್ ಅಂದರೆ ಎಳ್ಳು, ಮಾತಿ ಅಂದರೆ ಮಣ್ಣು. ಮರಳು ನಿಜಕ್ಕೂ ಕರಿಎಳ್ಳಿನ ಹಾಗೇ ಇದೆ. ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡಿ ನೋಡಿ, ನಮ್ಮ ಮಾಮೂಲಿ ಬೀಚಿನ ಹಿಟ್ಟಿನಂಥ ಮರಳಲ್ಲ, ಒಂದೊಂದು ಕಾಳೂ ಬೇರೆ ಬೇರೆ. ಬಿಸಿಲೇರಿದ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಸಂಜೆ ನಾಲ್ಕರ ಮೇಲೆ ಹೋಗಿ, ಕತ್ತಲಾಗುವ ಮೊದಲು ಗುಡ್ಡ ಇಳಿದುಬಿಡಿ. ಅಂಗಡಿ ಇಲ್ಲ, ನೀರು ನೀವೇ ಒಯ್ಯಿರಿ. ಮರಳನ್ನು ಬಾಟಲಿಗೆ ತುಂಬಿಕೊಂಡು ಬರುವವರಿದ್ದಾರೆ, ದಯವಿಟ್ಟು ಬೇಡ. ಇರುವುದೇ ಅಷ್ಟು.

ಹೆಜ್ಜೆ 5: ಎರಡನೇ ದಿನ, ಗಂಗಾವಳಿ ದಾಟಿ ಗೋಕರ್ಣ

ಬೆಳಿಗ್ಗೆ ಬೇಗ ಹೊರಡಿ. ದಾರಿಯಲ್ಲಿ ಅಂಕೋಲಾ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಕರ್ನಾಟಕದ ಮಟ್ಟಿಗೆ ಮುಂದೆ ನಿಂತ ಊರು. ವೃಕ್ಷಮಾತೆ ತುಳಸಿ ಗೌಡ, ಹಾಡಿನ ಸುಕ್ರಜ್ಜಿ ಇಬ್ಬರೂ ಈ ತಾಲ್ಲೂಕಿನ ಹಾಲಕ್ಕಿ ಒಕ್ಕಲು ಹೆಣ್ಣುಮಕ್ಕಳು, ಇಬ್ಬರಿಗೂ ಪದ್ಮಶ್ರೀ ಬಂದಿತ್ತು. ಬಸ್ಸಿನಲ್ಲಿ ಕುತ್ತಿಗೆ ತುಂಬಾ ಕರಿಮಣಿ ಸರ ಹಾಕಿದ ಅಜ್ಜಿ ನಿಮ್ಮ ಪಕ್ಕ ಕೂರಬಹುದು. ಮುಖಕ್ಕೆ ಫೋನ್ ಹಿಡಿಯಬೇಡಿ. "ಎಲ್ಲಿಗೆ ಹೊಂಟ್ರಿ ಅಮ್ಮಾ?" ಅಂತ ಮಾತಾಡಿಸಿ, ಫೋಟೋ ಬೇಕಾದರೆ ಆಮೇಲೆ ಕೇಳಿ.

ಗೋಕರ್ಣದಲ್ಲಿ ಒಂದು ಕ್ರಮ ಇದೆ. ಮೊದಲು ಕೋಟಿತೀರ್ಥ, ಆಮೇಲೆ ಗಣಪತಿ, ಆಮೇಲೆ ಮಹಾಬಲೇಶ್ವರ. ಗಣಪತಿ ಮೊದಲೇಕೆ ಅನ್ನುವುದಕ್ಕೆ ಇಡೀ ಊರಿನ ಕಥೆಯೇ ಉತ್ತರ: ರಾವಣನ ಕೈಯಿಂದ ಆತ್ಮಲಿಂಗ ನೆಲಕ್ಕೆ ಇಳಿಸಿದ್ದು ವಟುವಾಗಿ ಬಂದ ಗಣಪತಿ ತಾನೇ. ಗಂಡಸರು ಪಂಚೆ ಉಟ್ಟು ಅಂಗಿ ತೆಗೆದು ಒಳಗೆ ಹೋಗಬೇಕು. ಹೆಂಗಸರಿಗೆ ಸೀರೆ ಅಥವಾ ಚೂಡಿದಾರ. ಬರ್ಮುಡಾ ಹಾಕಿಕೊಂಡು ಬಂದು ಬಾಗಿಲಲ್ಲಿ ವಾದ ಮಾಡಬೇಡಿ, ಒಂದು ಪಂಚೆ ಬ್ಯಾಗಿನಲ್ಲಿರಲಿ.

ದರ್ಶನ ಮುಗಿದ ಮೇಲೆ ಬೀಚುಗಳ ನಡಿಗೆ. ಇದನ್ನು ಕಾರಿನಲ್ಲಿ ಮಾಡಿದರೆ ಮಾಡಿದಂತೆಯೇ ಅಲ್ಲ. ದಾರಿ ಹೀಗೆ: ಮುಖ್ಯ ಬೀಚಿನ ದಕ್ಷಿಣದ ತುದಿಗೆ ಬನ್ನಿ, ಅಲ್ಲಿ ರಾಮನ ಗುಡಿ. ಗುಡಿಯ ಹತ್ತಿರ ಸಿಹಿನೀರಿನ ತೀರ್ಥ, ಸಮುದ್ರದಿಂದ ಕೆಲವೇ ಹೆಜ್ಜೆ ದೂರದಲ್ಲಿ. ಅಲ್ಲಿಂದ ಮೆಟ್ಟಿಲು ಹತ್ತಿ ಕೆಂಪು ಕಲ್ಲಿನ ಬೋಳುಗುಡ್ಡ ದಾಟಿದರೆ ಕುಡ್ಲೆ. ಕುಡ್ಲೆಯ ಆ ತುದಿಯಿಂದ ಮತ್ತೆ ಗುಡ್ಡ, ಅರ್ಧ ತಾಸಿನಲ್ಲಿ ಓಂ ಬೀಚು. ಅದರ ಆಕಾರ ಕೆಳಗೆ ನಿಂತರೆ ಗೊತ್ತಾಗುವುದಿಲ್ಲ, ಮೇಲಿನ ದಾರಿಯಲ್ಲೇ ನಿಂತು ನೋಡಿ. ಓಂ ದಾಟಿದ ಮೇಲೆ ಕಾಡಿನ ಕಾಲುದಾರಿ, ಹಾಫ್ ಮೂನ್ ಬೀಚು. ಅಲ್ಲಿಂದ ಪ್ಯಾರಡೈಸ್ ಬೀಚಿಗೆ ಬಂಡೆ ಮೇಲೆ ಕೈಯೂರಿ ಹೋಗುವ ದಾರಿ. ಈ ಕೊನೆಯ ತುಂಡಿಗೆ ಇಳಿತ ಬೇಕೇಬೇಕು. ಭರತದ ಹೊತ್ತಿಗೆ ಅಲೆ ಬಂಡೆಗೆ ಹೊಡೆಯುತ್ತದೆ, ಪಾಚಿಯ ಮೇಲೆ ಕಾಲು ನಿಲ್ಲುವುದಿಲ್ಲ. ಪೂರ್ತಿ ನಡಿಗೆಗೆ ನಿಲ್ಲುತ್ತಾ ಕೂರುತ್ತಾ ನಾಲ್ಕು ತಾಸು ಇಟ್ಟುಕೊಳ್ಳಿ. ತಲಾ ಎರಡು ಲೀಟರ್ ನೀರು, ಟೋಪಿ, ಹಿಡಿತ ಇರುವ ಸ್ಯಾಂಡಲ್. ವಾಪಸು ಬರಲು ಪ್ಯಾರಡೈಸ್‌ನಿಂದ ಓಂ ಬೀಚಿಗೆ ದೋಣಿ ಸಿಗುತ್ತದೆ. ಹತ್ತುವ ಮೊದಲೇ ರೇಟು ಮಾತಾಡಿ, ಲೈಫ್ ಜಾಕೆಟ್ ಇಲ್ಲದಿದ್ದರೆ ಹತ್ತಬೇಡಿ.

ಎಲ್ಲ ನಡೆಯಲು ಆಗುವುದಿಲ್ಲವೇ? ಕುಡ್ಲೆಯಿಂದ ಓಂ ತನಕದ ತುಂಡು ಸಾಕು, ಅದೇ ಚೆಂದ.

ಹೆಜ್ಜೆ 6: ಮೂರನೇ ದಿನ, ಅಘನಾಶಿನಿ

ಇದು ನಮ್ಮೂರ ನದಿ, ಪಕ್ಷಪಾತ ಇದೆ. ಶಿರಸಿಯಲ್ಲಿ ಹುಟ್ಟಿ ಸಮುದ್ರದವರೆಗೆ ಒಂದೂ ಅಣೆಕಟ್ಟಿಲ್ಲದೆ ಹರಿಯುವ ಹೊಳೆ. 2024ರ ಆರಂಭದಲ್ಲಿ ಇದರ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಆದರೂ ನೂರರಲ್ಲಿ ತೊಂಬತ್ತು ಪ್ರವಾಸಿಗರು ಹೆದ್ದಾರಿ ಸೇತುವೆಯ ಮೇಲಿಂದ ಒಂದು ಫೋಟೋ ತೆಗೆದು ಮುಂದೆ ಹೋಗುತ್ತಾರೆ.

ಇಳಿತದ ಹೊತ್ತಿಗೆ ತದಡಿ ಬಂದರಿಗೆ ಬನ್ನಿ, ಗೋಕರ್ಣದಿಂದ ಹತ್ತಿರ. ನದಿಯ ನಡುವೆ ಜನ ಎದೆಮಟ್ಟದ ನೀರಿನಲ್ಲಿ ನಿಂತಿರುತ್ತಾರೆ. ದೂರದಿಂದ ನೋಡಿದರೆ ಸ್ನಾನ ಮಾಡುತ್ತಿದ್ದಾರೇನೋ ಅನ್ನಿಸುತ್ತದೆ. ಅವರು ಬಳಚು ತೆಗೆಯುತ್ತಿದ್ದಾರೆ. ಬಳಚು ಅಂದರೆ ಎರಡು ಚಿಪ್ಪಿನೊಳಗೆ ಬದುಕುವ ಜೀವಿ, ಕೆಸರಿನಲ್ಲಿ ಹೂತಿರುತ್ತದೆ. ಕಾಲ ಬೆರಳಿನಲ್ಲೇ ತಡಕಿ, ಸಿಕ್ಕಿತು ಅನ್ನಿಸಿದಾಗ ಮುಳುಗಿ ಕೈಯಿಂದ ಎತ್ತಿ, ಪಕ್ಕದಲ್ಲಿ ತೇಲುವ ಪಾತ್ರೆಗೆ ಹಾಕುತ್ತಾರೆ. ಒಬ್ಬ ಅಕ್ಕ ಹೀಗೆ ತಡಕುತ್ತಾ ಪಕ್ಕದವಳ ಜೊತೆ ಮಗನ ಪರೀಕ್ಷೆಯ ವಿಷಯ ಮಾತಾಡುತ್ತಿದ್ದಳು. ಮಾತು ಒಂದು ಸಲವೂ ತುಂಡಾಗಲಿಲ್ಲ, ಪಾತ್ರೆ ತುಂಬುತ್ತಾ ಹೋಯಿತು. ಅರ್ಧ ತಾಸು ದಡದಲ್ಲಿ ಸುಮ್ಮನೆ ಕೂತು ನೋಡಿ. ಆಮೇಲೆ ದೋಣಿಯಲ್ಲಿ ಆಚೆ ದಡದ ಅಘನಾಶಿನಿ ಊರಿಗೆ ದಾಟಿ. ಊರವರು ಬೈಕು, ಮೀನಿನ ಬುಟ್ಟಿ ಸಮೇತ ಹತ್ತುತ್ತಾರೆ. ಪ್ರವಾಸಿ ಬೋಟಿಂಗಿಗಿಂತ ನನಗೆ ಇದೇ ಇಷ್ಟ.

ಬೇಸಿಗೆಯಲ್ಲಾದರೆ ದಾರಿಯಲ್ಲಿ ಸಾಣಿಕಟ್ಟಾದ ಉಪ್ಪಿನಾಗರ ನೋಡಿ. ಚೌಕ ಚೌಕ ಪಾತಿಗಳಲ್ಲಿ ಉಪ್ಪುನೀರು ಒಣಗುತ್ತಿರುತ್ತದೆ, ಬದುವಿನ ಮೇಲೆ ಬಿಳಿ ಗುಡ್ಡೆಗಳು. ಬದುವಿನಲ್ಲಿ ನಡೆಯುವ ಮೊದಲು ಕೇಳಿ, ಪಾತಿಗೆ ಕಾಲಿಡಬೇಡಿ, ತಿನ್ನುವ ಉಪ್ಪು ಅದು. ಮಳೆಗಾಲದ ಕೊನೆಗೆ ಬಂದವರಿಗೆ ಮಾಣಿಕಟ್ಟಾ ಕಡೆಯ ಗಜನಿ ಗದ್ದೆಗಳಲ್ಲಿ, ಅಂದರೆ ಅಳಿವೆ ಪಕ್ಕದ ತಗ್ಗು ಗದ್ದೆಗಳಲ್ಲಿ, ಕಗ್ಗ ಭತ್ತ ಕಾಣುತ್ತದೆ. ಉಪ್ಪುನೀರು ನುಗ್ಗಿದರೂ ಸಾಯದ ತಳಿ. ಅದರ ಕೆಂಪು ಅನ್ನದ ಗಂಜಿ ಯಾರಾದರೂ ಕೊಟ್ಟರೆ ಬೇಡ ಅನ್ನಬೇಡಿ.

ಮಧ್ಯಾಹ್ನ ಮಿರ್ಜಾನ್ ಕೋಟೆ. ಹೆದ್ದಾರಿಯಿಂದ ಒಳಗೆ ಅರ್ಧ ಕಿಲೋಮೀಟರ್ ಅಷ್ಟೇ. ಪೂರ್ತಿ ಕೆಂಪು ಚಿರೇಕಲ್ಲು. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದ ಕೋಟೆ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂತ ಕರೆದರು. ಘಟ್ಟದ ಮೆಣಸು ಅಘನಾಶಿನಿಯಲ್ಲಿ ಇಳಿದು ಬಂದು ಹಡಗು ಹತ್ತುತ್ತಿದ್ದದ್ದು ಇಲ್ಲೇ ಆಸುಪಾಸು. ಒಳಗಿನ ಬಾವಿಗಳಿಗೆ ಇಳಿಯುವ ದಾರಿ, ಹೊರಗಿನ ಕಂದಕ ಎರಡನ್ನೂ ನೋಡಿ. ಮಳೆ ಮುಗಿದ ಮೊದಲ ವಾರಗಳಲ್ಲಿ ಗೋಡೆಗಳ ಮೇಲೆಲ್ಲ ಪಾಚಿ ಹಸಿರು. ಆ ಹಸಿರಿನ ಮೇಲೆ ಜಾರಿ ಬೀಳುವುದು ಕೂಡ ಅಷ್ಟೇ ಸುಲಭ.

ಯಾಣ? "ಸೊಕ್ಕಿದ್ದವ ಯಾಣಕ್ಕೆ ಹೋಗ್ತಾನೆ, ರೊಕ್ಕಿದ್ದವ ಗೋಕರ್ಣಕ್ಕೆ ಹೋಗ್ತಾನೆ" ಅಂತ ನಮ್ಮಲ್ಲೊಂದು ಗಾದೆ. ಕಾಡಿನಲ್ಲಿ ನಡೆದೇ ಹೋಗಬೇಕಿದ್ದ ಕಾಲದ ಮಾತು. ಈಗ ಗಾಡಿ ಹತ್ತಿರದವರೆಗೆ ಹೋಗುತ್ತದೆ, ಆಮೇಲೆ ಸ್ವಲ್ಪ ನಡಿಗೆ, ಮೆಟ್ಟಿಲು. ಕುಮಟಾದಿಂದ ಸುಮಾರು 30 ಕಿಲೋಮೀಟರ್. ಕಪ್ಪು ಸುಣ್ಣಕಲ್ಲಿನ ಎರಡು ಶಿಖರಗಳು, ಭೈರವೇಶ್ವರ ಸುಮಾರು 120 ಮೀಟರ್, ಮೋಹಿನಿ ಸುಮಾರು 90. ಬಂಡೆಯ ಬಿರುಕಿನಲ್ಲಿ ಒಳಗೆ ಹೋಗಿ ತಲೆಯೆತ್ತಿದರೆ ಆಕಾಶ ಒಂದು ಪಟ್ಟಿಯಷ್ಟು ಮಾತ್ರ. ಮೇಲೆ ಹೆಜ್ಜೇನು ನೇತಾಡುತ್ತಿರುತ್ತವೆ. ಕೂಗಾಟ, ಹೊಗೆ, ಘಾಟು ಸೆಂಟು ಬೇಡವೇ ಬೇಡ. ಅಘನಾಶಿನಿಯ ದಿನಕ್ಕೇ ಇದನ್ನೂ ತುರುಕಿದರೆ ಎರಡೂ ಕೆಡುತ್ತವೆ. ಐದನೇ ದಿನ ಇದ್ದರೆ ಯಾಣ ಮತ್ತು ಅದರ ಹತ್ತಿರದ ವಿಭೂತಿ ಜಲಪಾತಕ್ಕೆ ಆ ದಿನ ಕೊಡಿ.

ಹೆಜ್ಜೆ 7: ನಾಲ್ಕನೇ ದಿನ, ಶರಾವತಿ ಮತ್ತು ಮುರುಡೇಶ್ವರ

ಭರತದ ಸಮಯ ನೋಡಿಕೊಂಡು ಹೊನ್ನಾವರದಲ್ಲಿ ದೋಣಿ. ಇಳಿತವಾಗಿದ್ದರೆ ಕಾಸರಕೋಡಿನ ಕಾಂಡ್ಲಾ ವನದ ಮರದ ಹಾದಿಯಲ್ಲಿ ನಡೆಯಿರಿ. ಅಲ್ಲಿ ಇಳಿತವೇ ಒಳ್ಳೆಯದು. ಬೇರುಗಳೆಲ್ಲ ಹೊರಗೆ ಕಾಣುತ್ತವೆ, ಕೆಸರಿನಲ್ಲಿ ಪುಟ್ಟ ಏಡಿಗಳು ಓಡುತ್ತವೆ, ಕಾಲು ಸಪ್ಪಳಕ್ಕೆ ಒಟ್ಟಿಗೇ ಬಿಲ ಸೇರುತ್ತವೆ. ಅಲ್ಲಾಡದೆ ಎರಡು ನಿಮಿಷ ನಿಂತರೆ ಒಂದೊಂದೇ ಮತ್ತೆ ಇಣುಕುತ್ತವೆ. ಹತ್ತಿರದಲ್ಲೇ ಇಕೋ ಬೀಚು, 2020ರಲ್ಲಿ ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದ್ದು. ಶೌಚಾಲಯ, ಸ್ನಾನದ ವ್ಯವಸ್ಥೆ ಇರುವುದರಿಂದ ಮಕ್ಕಳಿದ್ದವರಿಗೆ ಅನುಕೂಲ. ಇದೇ ತೀರಕ್ಕೆ ಬೇಸಿಗೆಯ ಮುಂಚೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಮರಳಿನಲ್ಲಿ ಬಲೆ ಕಟ್ಟಿದ ಗೂಡು ಕಂಡರೆ ಮುಟ್ಟಬೇಡಿ, ರಾತ್ರಿ ಟಾರ್ಚ್ ಬಿಡಬೇಡಿ.

ಅಪ್ಸರಕೊಂಡದ ಜಲಪಾತ ಚಿಕ್ಕದು, ಬೇಸಿಗೆಯಲ್ಲಿ ಬರೀ ಎಳೆ. ಮೇಲಿನ ಗುಡ್ಡದಿಂದ ಸಮುದ್ರ ನೋಡಲು ಹೋಗಿ. ನವೆಂಬರ್‌ನಿಂದ ಮೇ ತನಕ ಯಕ್ಷಗಾನದ ಕಾಲ. ಗುಣವಂತೆ ಇರುವುದು ಹೊನ್ನಾವರ, ಮುರುಡೇಶ್ವರದ ನಡುವೆ. 1934ರಲ್ಲಿ ಶುರುವಾದ ಕೆರೆಮನೆ ಮೇಳದ ಊರು ಅದು. ಹೋಟೆಲಿನವರನ್ನು "ಇವತ್ತು ಎಲ್ಲಿ ಆಟ?" ಅಂತ ಕೇಳಿ. ಯಾವುದೋ ಗದ್ದೆಯಲ್ಲಿ ಇದ್ದೇ ಇರುತ್ತದೆ. ಒಂದು ಶಾಲು ತೆಗೆದುಕೊಂಡು ಹೋಗಿ, ನಡುರಾತ್ರಿ ಮಂಜು ಬೀಳುತ್ತದೆ.

ಮುರುಡೇಶ್ವರದಲ್ಲಿ 123 ಅಡಿಯ ಶಿವ, 20 ಅಂತಸ್ತಿನ ರಾಜಗೋಪುರ. ಗೋಪುರದ ಲಿಫ್ಟಿಗೆ ಮಧ್ಯಾಹ್ನದ ಹೊತ್ತಿಗೆ ಉದ್ದ ಸಾಲು, ಬೆಳಿಗ್ಗೆಯೇ ಹೋಗಿ. ಮೇಲಿಂದ ನೋಡಿದಾಗಲೇ ಕಂದುಕ ಗುಡ್ಡದ ಮೂರು ಕಡೆ ಸಮುದ್ರ ಇರುವುದು ಸರಿಯಾಗಿ ಗೊತ್ತಾಗುವುದು. ದೂರದಲ್ಲಿ ಕಾಣುವ ದ್ವೀಪ ನೇತ್ರಾಣಿ. ಅಲ್ಲಿ ಸ್ಕೂಬಾ ಡೈವಿಂಗ್ ಮಾಡಿಸುತ್ತಾರೆ, ಈಜು ಬಾರದವರಿಗೂ ತರಬೇತಿದಾರರ ಜೊತೆ ಅವಕಾಶ ಇದೆ. ಮಳೆಗಾಲ ಬಿಟ್ಟು ಉಳಿದ ಸಮಯ ಮಾತ್ರ. ಶೀತ, ಕಿವಿನೋವು ಇದ್ದರೆ ನೀರಿಗೆ ಇಳಿಯಬೇಡಿ. ದೋಣಿ ಓಲಾಡುತ್ತದೆ, ವಾಂತಿ ಮಾತ್ರೆ ಮೊದಲೇ ತೆಗೆದುಕೊಳ್ಳಿ. ಇದಕ್ಕೆ ಅರ್ಧ ದಿನಕ್ಕಿಂತ ಜಾಸ್ತಿ ಬೇಕು.

ನೀರಿಗೆ ಇಳಿಯುವ ಮೊದಲು

2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಮುರುಡೇಶ್ವರದಲ್ಲಿ ಸಮುದ್ರದ ಪಾಲಾದರು. ಚಳಿಗಾಲ, ಹಗಲು ಹೊತ್ತು. ಇಲ್ಲಿ ಮುಳುಗುವವರಲ್ಲಿ ಕೆರೆ, ಬಾವಿಯಲ್ಲಿ ಈಜು ಕಲಿತವರೂ ಇರುತ್ತಾರೆ. ಸಮುದ್ರದ ಸೆಳೆತ ಬೇರೆ.

ದಡಕ್ಕೆ ಬಡಿದ ನೀರು ಹಿಂದೆ ಹೋಗಲೇಬೇಕಲ್ಲ. ಅದು ಒಂದೇ ಕಡೆ ಸೇರಿ, ಓಣಿಯಂತೆ ಒಳಕ್ಕೆ ಹರಿಯುತ್ತದೆ. ನೀರಿಗೆ ಇಳಿಯುವ ಮೊದಲು ಐದು ನಿಮಿಷ ನಿಂತು ನೋಡಿ. ಎರಡೂ ಬದಿ ಬಿಳಿ ನೊರೆ, ನಡುವೆ ಅಲೆ ಒಡೆಯದ, ಬಣ್ಣ ಸ್ವಲ್ಪ ಕಪ್ಪಾದ ಪಟ್ಟಿ ಕಂಡರೆ ಅದೇ ಸೆಳೆತ. ಹೊಸಬರಿಗೆ ಅದೇ ಶಾಂತ ಜಾಗದಂತೆ ಕಾಣುತ್ತದೆ, ಅಲ್ಲಿಗೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆ ನೇರ ಈಜಬೇಡಿ, ಸುಸ್ತಾಗಿ ಮುಳುಗುತ್ತೀರಿ. ತೇಲಿ, ಕೈ ಎತ್ತಿ ಕೂಗಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಹೋಗಿ. ಓಣಿ ಅಗಲ ಕಡಿಮೆ, ದಾಟಿದರೆ ಅಲೆಗಳೇ ನಿಮ್ಮನ್ನು ಹೊರಗೆ ತಳ್ಳುತ್ತವೆ.

ಅಳಿವೆಯ ಬಾಯಲ್ಲಿ, ಬಂಡೆಗಳ ಪಕ್ಕದಲ್ಲಿ, ಕುಡಿದ ಮೇಲೆ, ಕತ್ತಲಾದ ಮೇಲೆ ಇಳಿಯಬೇಡಿ. ಲೈಫ್‌ಗಾರ್ಡ್ ಸೀಟಿ ಊದಿದರೆ ಹೊರಗೆ ಬನ್ನಿ. ಆ ಹುಡುಗ ಈ ನೀರಿನ ಪಕ್ಕದಲ್ಲೇ ಬೆಳೆದವನು.

ಊಟ

ಮೀನು ತಿನ್ನುವವರು ಬೋರ್ಡ್ ದೊಡ್ಡದಿರುವ ಹೋಟೆಲ್ ಬಿಟ್ಟು ಲಾರಿಯವರು, ಬ್ಯಾಂಕಿನವರು ಉಣ್ಣುವ ಖಾನಾವಳಿ ಹುಡುಕಿ. ಮೆನು ಕೇಳಬೇಡಿ, "ಇವತ್ತು ಏನು ಬಂದದೆ?" ಅಂತ ಕೇಳಿ. ಬಂಗುಡೆ, ತಾರ್ಲೆ ಬಡವರ ಮೀನು, ರುಚಿಯಲ್ಲಿ ಇಸ್ವಾಣಕ್ಕೆ (ಅಂಜಲ್) ಏನೂ ಕಡಿಮೆಯಿಲ್ಲ. ಶೆಟ್ಲಿ ಅಂದರೆ ಸೀಗಡಿ. ಕಾರವಾರದಲ್ಲಿ ಊಟದ ಕೊನೆಗೆ ಮುರುಗಲಿನ (ಕೋಕಂ) ಸೋಲ್ ಕಡಿ. ಸಸ್ಯಾಹಾರಿಗಳಿಗೆ ಗೋಕರ್ಣ, ಕುಮಟಾದಲ್ಲಿ ತೊಂದರೆ ಇಲ್ಲ. ಮಾವಿನಕಾಯಿಯ ತೆಳು ಸಾರಾದ ಅಪ್ಪೆಹುಳಿ ಸಿಕ್ಕರೆ ಕುಡಿಯಿರಿ, ಆದರೆ ಆಮೇಲೆ ಗಾಡಿ ಓಡಿಸಬೇಡಿ, ನಿದ್ದೆ ಎಳೆಯುತ್ತದೆ. ಬೇಸಿಗೆಯಲ್ಲಿ ಕುಮಟಾ ಆಸುಪಾಸು ಹೆದ್ದಾರಿ ಬದಿಗೆ ಸಿಹಿ ಈರುಳ್ಳಿಯನ್ನು ಜಡೆ ಹೆಣೆದು ನೇತುಹಾಕಿರುತ್ತಾರೆ. ಒಂದು ಜಡೆ ಕೊಳ್ಳಿ, ಮನೆಯಲ್ಲೂ ಹಾಗೇ ನೇತುಹಾಕಿ.

ಕೊನೆಯ ಸಂಜೆ ಭಟ್ಕಳಕ್ಕೆ ಬನ್ನಿ, ಐದನೇ ಹೊಳೆ ದಾರಿಯಲ್ಲೇ ದಾಟುತ್ತೀರಿ. ಅಲ್ಲಿನ ಬಿರಿಯಾನಿಯಲ್ಲಿ ಈರುಳ್ಳಿ ಮಸಾಲೆ ಜಾಸ್ತಿ, ಖಾರ ಕಡಿಮೆ. ಶ್ಯಾವಿಗೆಯಲ್ಲಿ ಮಾಡಿದ ಬಿರಿಯಾನಿ ಸಿಕ್ಕರೆ ಅದನ್ನೇ ತಿನ್ನಿ. ಪಂಚಗಂಗಾ ಸಂಜೆ ಕಾರವಾರ ಬಿಟ್ಟು ರಾತ್ರಿ ಭಟ್ಕಳಕ್ಕೆ ಬರುತ್ತದೆ. ಒದ್ದೆ ಬಟ್ಟೆಯನ್ನು ಬೇರೆ ಚೀಲಕ್ಕೆ ಹಾಕಿ, ಚಪ್ಪಲಿಯ ಮರಳನ್ನು ಪ್ಲಾಟ್‌ಫಾರ್ಮಿನಲ್ಲೇ ಕೊಡವಿ ಹತ್ತಿ. ಈ ಸಲ ಕಿಟಕಿ ಬೇಕಿಲ್ಲ, ಹೊರಗೆ ಕತ್ತಲೆ. ಮೇಲಿನ ಬರ್ತ್ ಕೇಳಿ.